ಹಸಿ ತಿರುಳು

ಹಾಲಸ್ವಾಮಿಗೆ ಯಾರ ಕೆಲಸವೂ ಹಿಡಿಸುತ್ತಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅವನದು ಮರದ ಮಾದರಿ ಮಾಡುವ ಕೆಲಸ. ಎರಕ ಹೊಯ್ಯುವ ಪ್ರತಿಯೊಂದು ಸಾಮಾನನ್ನೂ ಮೊದಲು ಮರದಲ್ಲಿ ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಆ ಅಚ್ಚಿನೊಳಕ್ಕೆ ಕರಗಿದ ಲೋಹ ಸುರಿಯಬೇಕು. ಲೋಹ ಆರಿದಾಗ ಕುಗ್ಗುತ್ತದೆ, ಆದ್ದರಿಂದ ಮಾದರಿ ಆ ಕುಗ್ಗುವಷ್ಟೇ ಅಳತೆಗೆ ತುಸು ದೊಡ್ಡದಾಗಿರಬೇಕು. ಹತ್ತು ವರ್ಷ ಈ ‘ತುಸು’ವಿನಲ್ಲೇ ಕಣ್ಣು ಸವೆಸಿದವನಿಗೆ ಊರೆಲ್ಲ ಸೊಟ್ಟಗೆ ಕಾಣುತ್ತಿತ್ತು. ನೆಂಟರ ಮನೆಯ ಬಾಗಿಲವಾಡ ಸೊಟ್ಟ, ಮಠದ ಕಂಬ ಸೊಟ್ಟ, ಹೆಣ್ಣು ಕೊಟ್ಟ ಮಾವನ ಮೀಸೆ ಎಡಕ್ಕೆ ಎರಡು ನೂಲು, ಎಂದರೆ ಕಾಲು ಅಂಗುಲ, ಇಳಿದದ್ದು. ಬಾಯಿಬಿಟ್ಟು ಹೇಳದಿದ್ದರೆ ಮೂಗಿನ ಹೊಳ್ಳೆ ಅರಳಿಸಿ ಹೇಳುತ್ತಿದ್ದ. ಹಾಗಾಗಿ ಅವನನ್ನು ಊಟಕ್ಕೆ ಕರೆಯುವವರು ಕಡಿಮೆ.

ಇಂಥವನಿಗೆ ಮೂವತ್ತರ ಹತ್ತಿರ ಬಂದಾಗ ಶಿಲ್ಪ ಕಲಿಯುವ ಹುಚ್ಚು ಹತ್ತಿತು. ತಾನು ಅಲ್ಲಿಯವರೆಗೆ ಮಾಡಿದ್ದೆಲ್ಲ ಮತ್ತೊಂದರ ತುಂಡು ಎಂದು ಅವನಿಗೆ ಅನ್ನಿಸಿತ್ತು. ಗಾಲಿಯ ಹಲ್ಲು, ಕೊಳಾಯಿಯ ಕತ್ತು, ಯಂತ್ರದ ಕಾಲು. ಯಾವುದಕ್ಕೂ ಜೋಡಿಸಬೇಕಾಗಿಲ್ಲದ, ತನ್ನಷ್ಟಕ್ಕೆ ತಾನೇ ನಿಲ್ಲುವ ಒಂದು ವಸ್ತುವನ್ನು ಮಾಡಬೇಕು. ಆ ಹೊತ್ತಿಗೆ, ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ವೆಂಕಟಾಚಲ ಎಂಬವರು ಭಾನುವಾರದ ಶಿಲ್ಪ ತರಗತಿ ತೆರೆದಿದ್ದಾರೆ ಎಂಬ ಸುದ್ದಿ ಬಂತು. ಹಾಲಸ್ವಾಮಿ ಮರುವಾರವೇ ಬೆಳಗಿನ ರೈಲು ಹತ್ತಿದ.

ವೆಂಕಟಾಚಲ ವೈದಿಕರ ಮಗ. ತಂದೆಗೆ ಮೂರು ಶಾಸ್ತ್ರಗಳು ಬಾಯಿಗೆ ಬರುತ್ತಿದ್ದವು. ಮಗನಿಗೆ ಮೂರೂ ಬಾರದೆ ಬೊಂಬಾಯಿಯ ಕಲಾಶಾಲೆಗೆ ಹೋಗಿ ನಾಲ್ಕು ವರ್ಷ ಇದ್ದು ಬಂದಿದ್ದ. ಪರೀಕ್ಷೆ ಮುಗಿಸಿದನೋ ಇಲ್ಲವೋ ಯಾರೂ ಕೇಳಲಿಲ್ಲ. ಬೊಂಬಾಯಿ ಎಂದ ಮೇಲೆ ಕೇಳುವುದೇನು? ಬಾಯಲ್ಲಿ ಒಂದು ಪೈಪು ಕಚ್ಚಿಕೊಂಡಿರುತ್ತಿದ್ದ. ಮನೆಯಲ್ಲಿ ಮಡಿ ತಾಯಿ ಇದ್ದುದರಿಂದ ಅದನ್ನು ಹೊತ್ತಿಸುತ್ತಿರಲಿಲ್ಲ. ವಕೀಲರ, ಅಮಲ್ದಾರರ ಮಕ್ಕಳು ಐದು ಜನ ಅವನ ಶಿಷ್ಯರು. ಜಗುಲಿಯ ಮೇಲೆ ಒಂದು ಗ್ರೀಕ್ ಹೆಂಗಸಿನ ಪ್ಲಾಸ್ಟರ್ ತಲೆ ಇಟ್ಟು, ಅದನ್ನು ಮಣ್ಣಿನಲ್ಲಿ ನಕಲು ಮಾಡುವುದು ಅಲ್ಲಿಯ ವಿದ್ಯೆ. ಹಾಲಸ್ವಾಮಿಯನ್ನು ಮೇಷ್ಟ್ರು ಸೇರಿಸಿಕೊಂಡದ್ದಕ್ಕೆ ಕಾರಣ ಅವನ ತೋಳು. ಮಣ್ಣು ತುಳಿದು ಹದ ಮಾಡಲು ಅಮಲ್ದಾರರ ಮಗ ಪಂಚೆ ಎತ್ತುವವನಲ್ಲ.

ಹಾಲಸ್ವಾಮಿ ಮಣ್ಣು ತುಳಿಯುತ್ತಾ ಗ್ರೀಕ್ ಹೆಂಗಸನ್ನೂ, ಮೇಷ್ಟ್ರು ಮಾಡಿದ ನಕಲನ್ನೂ ನೋಡಿದ. ನಕಲಿನ ಕತ್ತು ಹೆಗಲಿನ ಮೇಲೆ ಕೂತಿರಲಿಲ್ಲ, ಹೂಜಿಯ ಮೇಲೆ ಲೋಟ ಕವುಚಿದ ಹಾಗೆ ಇತ್ತು. ಅವನ ಹೊಳ್ಳೆ ಅರಳಿತು. ಆದರೂ ಬಿಡದೆ ಪ್ರತಿ ಭಾನುವಾರ ಹೋದ. ತಾನು ತಿರಸ್ಕರಿಸುವವರ ನಡುವೆ ಕೂರುವುದರಲ್ಲಿಯೂ ಒಂದು ಸುಖವಿದೆ.

ಎರಡನೆಯ ತಿಂಗಳು ಮೇಷ್ಟ್ರು, “ಮನೇಲಿ ಏನಾದರೊಂದು ಸ್ವಂತವಾಗಿ ಮಾಡಿಕೊಂಡು ಬನ್ನಿ” ಎಂದ. ಉಳಿದವರು ಪೇಟೆಯಿಂದ ಮೇಣ ತರಿಸಿದರು. ಹಾಲಸ್ವಾಮಿ ಭದ್ರಾವತಿಯ ತನ್ನ ಮನೆಯ ಅಡುಗೆಕೋಣೆಗೆ ನುಗ್ಗಿದ. ಅಂಚು ಹರಿದ ಒಂದು ಮೊರ, ತೆಂಗಿನ ಕರಟ, ಹಿಡಿ ಮುರಿದ ಸೌಟುಗಳೆರಡು, ಕಬ್ಬಿಣದ ಊದುಕೊಳವೆ ಎತ್ತಿಕೊಂಡು ಬಂದು ಹೊರಜಗುಲಿಯಲ್ಲಿ ಹರಡಿದ. ಮೊರವನ್ನು ನೀರಲ್ಲಿ ನೆನೆಸಿ ಬಗ್ಗಿಸಿದ, ಅದು ಬೆನ್ನಾಯಿತು. ಕರಟ ತಲೆಯಾಯಿತು. ಸೌಟುಗಳು ನೆಲಕ್ಕೆ ಊರಿದ ಕೈ. ಕರಟದ ಬಾಯಿಗೆ ಊದುಕೊಳವೆ ಸಿಕ್ಕಿಸಿದ ಕೂಡಲೇ ಅಲ್ಲೊಬ್ಬ ಹೆಂಗಸು ಬಗ್ಗಿ ಕೂತು ಹಸಿ ಸೌದೆಯ ಒಲೆ ಊದತೊಡಗಿದಳು. ಮೊರದ ಹರಿದ ಅಂಚು ಉಸಿರು ಕಟ್ಟಿದ ಪಕ್ಕೆಲುಬಿನಂತೆ ಎದ್ದು ಕಾಣುತ್ತಿತ್ತು.

ಹೆಂಡತಿ ಬಸವರಾಜೇಶ್ವರಿ ಊದುಕೊಳವೆ ಹುಡುಕುತ್ತಾ ಹೊರಬಂದವಳು ನಿಂತುಬಿಟ್ಟಳು.

“ಇದು ನಾನಾ?”

“ಹೌದು.”

“ನನ್ನ ಬೆನ್ನು ಹರಕು ಮೊರದ ಹಂಗೆ ಐತೇನು?”

“ಇರೋ ಹಂಗೆ ಮಾಡಿದೀನಿ.”

“ಇರೋ ಹಂಗೆ ಮಾಡಿದ್ರಂತೆ! ಅದು ಹಂಗಾಗಿದ್ದು ಯಾರ ಮನೆ ಒಲೆ ಊದಿ ಅಂತ ಕೇಳಿಕೊಂಡ್ರಾ?” ಎಂದು ಅವಳು ಗೊಂಬೆಯ ಬಾಯಿಂದ ಕೊಳವೆ ಕಿತ್ತುಕೊಂಡು ಒಳಗೆ ಹೋದಳು. ಅಡುಗೆ ಮುಗಿದ ಮೇಲೆ ತಾನಾಗಿಯೇ ತಂದು ಮೊದಲಿನ ಜಾಗಕ್ಕೆ ಸಿಕ್ಕಿಸಿದಳು.

ಭಾನುವಾರ ಅದನ್ನು ಗೋಣಿಯಲ್ಲಿ ಸುತ್ತಿ ಒಯ್ದು ಜಗುಲಿಯ ಮೇಲೆ ಇಟ್ಟ. ವೆಂಕಟಾಚಲ ಪೈಪು ತೆಗೆದು ಕೈಯಲ್ಲಿ ಹಿಡಿದು ಒಂದು ಸುತ್ತು ಬಂದ.

“ಏನಯ್ಯ ಇದು? ಶಿಲ್ಪ ತಗೊಂಡು ಬಾ ಅಂದರೆ ಗುಜರಿ ಅಂಗಡಿ ತಗೊಂಡು ಬಂದಿದೀಯ. ಅಡುಗೆಮನೆ ಗುಡಿಸೋದು ಹೆಂಗಸರ ಕೆಲಸ, ಮಾರಾಯ.”

ಐವರೂ ನಕ್ಕರು. ವಕೀಲರ ಮಗ ಕರಟಕ್ಕೆ ತನ್ನ ಟೋಪಿ ಹಾಕಿ ಇನ್ನಷ್ಟು ನಗಿಸಿದ. ಅವನು ತಂದಿದ್ದದ್ದು ಮೇಣದ ಹಂಸ. ಅದು ಹಂಸವೆಂದು ಅವನೇ ಹೇಳಬೇಕಾಯಿತು. ಮೇಷ್ಟ್ರು ಅದನ್ನು “ಭಾವಪೂರ್ಣ” ಎಂದ.

ಅಂದಿನಿಂದ ಹಾಲಸ್ವಾಮಿ ವಾರಕ್ಕೊಂದು ಗೊಂಬೆ ಮಾಡಿದ. ತರಗತಿಗೆ ಒಂದನ್ನೂ ಒಯ್ಯಲಿಲ್ಲ. ನೆಗ್ಗಿದ ಚೊಂಬಿಗೆ ಕೊಡೆಯ ಹಿಡಿ ಸಿಕ್ಕಿಸಿ ಪೈಪು ಕಚ್ಚಿದ ವೆಂಕಟಾಚಲನನ್ನು ಮಾಡಿದ. ತೂತು ಜರಡಿಯಿಂದ ವಕೀಲರ ಮಗನ ಮುಖ, ಹಳೆಯ ಪಾವಿನಿಂದ ಅಮಲ್ದಾರರ ಮಗನ ಹೊಟ್ಟೆ. ಓಣಿಯ ತಮಿಳರು, ತೆಲುಗರು ಸಂಜೆ ಬಂದು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನಿಗೂ ಸಂತೋಷವೇ. ಬಸವರಾಜೇಶ್ವರಿ ಮಾತ್ರ ನಗಲಿಲ್ಲ.

“ಇವು ಚೆನ್ನಾಗಿಲ್ಲ” ಎಂದಳು.

“ನಿನಗೇನು ಗೊತ್ತು?”

“ಮೊದಲನೇದು ಮಾಡುವಾಗ ನನ್ನ ಬೆನ್ನು ನೋಡಿದ್ರಿ. ಇವರ್ಯಾರನ್ನೂ ನೀವು ನೋಡೇ ಇಲ್ಲ. ಬರೀ ಬೈದಿದೀರಿ.”

ಹಾಲಸ್ವಾಮಿ ಮೂಗು ಮುರಿದ. ಶಿಲ್ಪದ ಬಗ್ಗೆ ಮಾತಾಡಲು ಈಗ ಒಲೆ ಊದುವವಳೊಬ್ಬಳು ಬಾಕಿಯಿದ್ದಳು.

ಮರುವರ್ಷ ಬೇಸಿಗೆಯಲ್ಲಿ ವೆಂಕಟಾಚಲನಿಗೆ ಶುಕ್ರದೆಸೆ ಬಂತು. ಛತ್ರ ಕಟ್ಟಿಸಿ ತೀರಿಕೊಂಡ ಒಬ್ಬ ಸಾಹುಕಾರರ ಎದೆಮಟ್ಟದ ಮೂರ್ತಿಯನ್ನು ಹಿತ್ತಾಳೆಯಲ್ಲಿ ನಿಲ್ಲಿಸಬೇಕೆಂದು ಊರಿನ ಗಣ್ಯರು ಸಮಿತಿ ಮಾಡಿದರು. ಬದುಕಿದ್ದಾಗ ಆ ಸಾಹುಕಾರರನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದವರೇ ಸಮಿತಿಯಲ್ಲಿ ಮುಂದೆ. ಅನಾವರಣಕ್ಕೆ ದೊಡ್ಡ ಅಧಿಕಾರಿಯೊಬ್ಬರು ಬರುವ ದಿನ ಮೊದಲೇ ಗೊತ್ತಾಯಿತು, ಮೂರ್ತಿ ಮಾಡುವುದು ಆಮೇಲೆ ಗೊತ್ತಾಯಿತು. ವೆಂಕಟಾಚಲ ಮಣ್ಣಿನಲ್ಲಿ ಸಾಹುಕಾರರನ್ನು ಮಾಡಿದ. ಅಲ್ಲಿಯೂ ಅದೇ ಹೂಜಿ, ಅದೇ ಲೋಟ.

ಎರಕ ಹೊಯ್ಯಲು ಒಪ್ಪಿದವನು ಕೊಟ್ರಬಸಪ್ಪ. ಶಿವಮೊಗ್ಗೆಯಲ್ಲೇ ಹೊಸಮನೆ ಬಡಾವಣೆಯ ಕಡೆ ತಗಡು ಮಾಡಿನ ಒಂದು ಸಣ್ಣ ಎರಕದ ಶೆಡ್ಡು ಅವನದು. ನೇಗಿಲಗುಳ, ಬಾವಿಯ ರಾಟೆ, ಗುಡಿಯ ಗಂಟೆ ಇಷ್ಟೇ ಅವನು ಹೊಯ್ದಿದ್ದು. ಟೊಳ್ಳು ಮೂರ್ತಿಯನ್ನು ಹೊಯ್ದವನಲ್ಲ. ಮೂರ್ತಿ ಒಳಗೆ ಟೊಳ್ಳಾಗಬೇಕಾದರೆ ಅಚ್ಚಿನ ನಡುವೆ ಮರಳು, ಜೇಡಿ, ಬೆಲ್ಲದ ನೀರು ಕಲಸಿ ಮಾಡಿದ ದೊಡ್ಡ ಮುದ್ದೆಯೊಂದನ್ನು ಇಡಬೇಕು. ಅದಕ್ಕೆ ತಿರುಳು ಎನ್ನುತ್ತಾರೆ. ತಿರುಳನ್ನು ಗೂಡಿನಲ್ಲಿಟ್ಟು ಎರಡು ದಿನ ಸುಡಬೇಕು. ಒಂದು ತೊಟ್ಟು ಹಸಿ ಉಳಿದರೂ ಕಾದ ಲೋಹ ತಾಗಿದ ಕ್ಷಣ ಆವಿಯಾಗಿ ಸಿಡಿಯುತ್ತದೆ. ಇದು ಹಾಲಸ್ವಾಮಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು.

ಎರಕದ ದಿನ ಬೆಳಿಗ್ಗೆ ಸಮಿತಿಯವರು ಶೆಡ್ಡಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವೆಂಕಟಾಚಲ ಸಿಲ್ಕಿನ ಶಲ್ಯ ಹೊದ್ದು ಓಡಾಡುತ್ತಿದ್ದ. ತಿರುಳು ಗೂಡಿಗೆ ಹೋಗಿ ಇನ್ನೂ ಒಂದು ದಿನ ಕಳೆದಿರಲಿಲ್ಲ.

“ತೆಗೀರಿ, ತೆಗೀರಿ. ಮೇಲೆ ಒಣಗಿದೆಯಲ್ಲ. ದೊಡ್ಡವರನ್ನ ಕಾಯಿಸಬಾರದು” ಎಂದ ವೆಂಕಟಾಚಲ.

ಉಳಿದ ಶಿಷ್ಯರ ಜೊತೆ ಬಂದಿದ್ದ ಹಾಲಸ್ವಾಮಿ ಹತ್ತಿರ ಹೋದ. “ಸ್ವಾಮಿ, ಆ ತಿರುಳು…”

“ಹಾಲಸ್ವಾಮಿ, ನಿನ್ನನ್ನ ಯಾರಾದರೂ ಕೇಳಿದರೇನಯ್ಯ? ಇದೇನು ನಿನ್ನ ಮೊರ, ಸೌಟು ಅಂದುಕೊಂಡೆಯಾ? ಹೋಗಿ ಅವರಿಗೆಲ್ಲ ನೀರು ಕೊಡು.”

ಕುರ್ಚಿಯಲ್ಲಿದ್ದವರು ನಕ್ಕರು. ಹಾಲಸ್ವಾಮಿಯ ಕಿವಿ ಕಾದವು. ಆಮೇಲೆ ಮೈಯೆಲ್ಲ ತಣ್ಣಗಾಯಿತು. ಆಗಲಿ. ಬಿರುಕು ಬಿಡಲಿ, ಮೂಗಿಲ್ಲದ ಸಾಹುಕಾರ ಹೊರಬರಲಿ, ಬೊಂಬಾಯಿ ವಿದ್ಯೆಯನ್ನು ಊರು ಕಣ್ಣಾರೆ ನೋಡಲಿ. ಅವನ ಮನಸ್ಸಿಗೆ ಬಂದದ್ದು ಇಷ್ಟೇ. ಮುಂದೆ ವರ್ಷಗಟ್ಟಲೆ ಅವನು ತನಗೆ ತಾನೇ ಇದನ್ನು ಹೇಳಿಕೊಂಡ: ಬಿರುಕಿನ ಆಚೆಗೆ ನಾನು ಯೋಚಿಸಲಿಲ್ಲ. ಅದು ಸುಳ್ಳೆಂದು ಹೇಳಿಕೊಳ್ಳುವಾಗಲೇ ಗೊತ್ತಿರುತ್ತಿತ್ತು.

ಏಕೆಂದರೆ ತಿರುಳನ್ನು ಅಚ್ಚಿನೊಳಗೆ ಇಳಿಸುವ ಮುಂಚೆ ಕೊಟ್ರಬಸಪ್ಪ ಅವನನ್ನು ಪಕ್ಕಕ್ಕೆ ಕರೆದಿದ್ದ. ಮುಖದ ಮೇಲೆ ಬೆವರು, ಕಣ್ಣಲ್ಲಿ ಅನುಮಾನ.

“ನೀನು ದೊಡ್ಡ ಕಾರ್ಖಾನೆಯೋನು, ಇಂಥವು ನೂರು ಕಂಡಿದೀಯ. ನೋಡಿ ಹೇಳು ಮಾರಾಯ. ಆರೈತಾ ಇದು?”

ಹಾಲಸ್ವಾಮಿ ತಿರುಳಿಗೆ ಉಗುರು ಒತ್ತಿದ. ಮೇಲಿನ ಹೊಪ್ಪಳೆ ಒಡೆದು ಉಗುರು ಮೆತ್ತಗೆ ಒಳಗೆ ಹೋಯಿತು. ಹೊರಗೆ ತೆಗೆದಾಗ ತುದಿಗೆ ಹಸಿ ಮರಳು ಅಂಟಿತ್ತು. ಅದನ್ನು ಪಂಚೆಗೆ ಒರೆಸಿಕೊಂಡ.

“ನನ್ನನ್ನ ಯಾಕೆ ಕೇಳ್ತೀಯ? ತಿಳಿದೋರು ಅಲ್ಲಿದಾರಲ್ಲ, ಶಲ್ಯ ಹೊದ್ದುಕೊಂಡು. ಅವರನ್ನೇ ಕೇಳು.”

ಕೊಟ್ರಬಸಪ್ಪ ಒಂದು ಗಳಿಗೆ ಅವನ ಮುಖ ನೋಡಿದ. ಹೊರಗಿನಿಂದ ವೆಂಕಟಾಚಲ, “ಆಯಿತೇನಪ್ಪ?” ಎಂದು ಕೂಗಿದ. ತಿರುಳು ಅಚ್ಚಿನೊಳಗೆ ಇಳಿಯಿತು.

ಕರಗಿಸಿದ ಹಿತ್ತಾಳೆ ಅರ್ಧ ಮೂಸೆಯಷ್ಟು ಕೂಡ ಅಚ್ಚಿಗೆ ಹೋಗಿರಲಿಲ್ಲ. ಅಚ್ಚಿನ ಹೊಟ್ಟೆಯಲ್ಲಿ ಎಮ್ಮೆ ಮುಕ್ಕರಿಸಿದಂಥ ಸದ್ದು ಬಂತು. ಮರುಕ್ಷಣ ಅಚ್ಚಿನ ಮರಳು ತುಂಬಿದ ಮೇಲಿನ ಪೆಟ್ಟಿಗೆ ಹಾರಿ ಮಾಡಿನ ತಗಡಿಗೆ ಬಡಿಯಿತು. ಕರಗಿದ ಲೋಹ ಹೊಂಬಾಳೆ ಬಿಚ್ಚಿದಂತೆ ಚೆಲ್ಲಿತು. ಸಮಿತಿಯವರು ಕುರ್ಚಿ ಬೀಳಿಸಿ ಓಡಿದರು. ವೆಂಕಟಾಚಲ ಎಲ್ಲರಿಗಿಂತ ಮುಂದೆ ಓಡಿದ. ಓಡಲಾಗದೆ ಉಳಿದವನು ಮೂಸೆ ಹಿಡಿದಿದ್ದ ಕೊಟ್ರಬಸಪ್ಪ ಒಬ್ಬನೇ. ಹಾಲಸ್ವಾಮಿ ಅವನನ್ನು ಎಳೆದು ಹಾಕಿದ. ಅಷ್ಟರಲ್ಲಿ ಕೊಟ್ರಬಸಪ್ಪನ ಬಲಗೈ ಮಣಿಕಟ್ಟಿನವರೆಗೆ ಬೆಂದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

ಮೂರು ಬೆರಳು ತೆಗೆದರು. ಕಣ್ಣು ತೆರೆಯಲಿಲ್ಲ.

ಎರಕದವನ ಕೈ ಒರಟು, ಕಲೆ ಅವನಿಗೇನು ಗೊತ್ತು ಎಂದು ವೆಂಕಟಾಚಲ ಊರಿನಲ್ಲಿ ಹೇಳಿಕೊಂಡು ತಿರುಗಿದ. ಊರು ನಂಬಿತು. ಶಲ್ಯ ಹೊದ್ದವನ ಮಾತನ್ನು ನಂಬುವುದು ಸುಲಭ. ಮೊದಲೇ ಗೊತ್ತುಮಾಡಿದ್ದ ದಿನ, ಪ್ಲಾಸ್ಟರಿನಲ್ಲಿ ಮಾಡಿಸಿದ ಸಾಹುಕಾರರಿಗೆ ಹಿತ್ತಾಳೆಯ ಬಣ್ಣ ಬಳಿದು ಅನಾವರಣ ಮಾಡಿದರು. ಭಾಷಣಗಳಾದವು, ಹಾರಗಳು ಬಿದ್ದವು. ಆಷಾಢದಲ್ಲಿ ಸಾಹುಕಾರರ ಮೂಗು ಕರಗಿತು, ಶ್ರಾವಣದಲ್ಲಿ ಗದ್ದ. ಸಮಿತಿ ಅದಕ್ಕೆ ಗೋಣಿ ಹೊದಿಸಿ ಮರೆಯಿತು. ವೆಂಕಟಾಚಲ ಮೈಸೂರಿಗೆ ಹೋಗಿ ಅಲ್ಲೊಂದು ತರಗತಿ ತೆರೆದನಂತೆ.

ಹಾಲಸ್ವಾಮಿ ಬಯಸಿದ್ದೆಲ್ಲ ಆಗಿತ್ತು. ಮೂಗಿಲ್ಲದ ಸಾಹುಕಾರನನ್ನು ಊರು ನೋಡಿತ್ತು. ಆದರೆ ಅವನಿಗೆ ಅನ್ನ ಇಳಿಯಲಿಲ್ಲ. ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಅದೇ ಬೆಳಗಿನ ರೈಲು ಹತ್ತಿ ಕೊಟ್ರಬಸಪ್ಪನ ಮನೆಗೆ ಹೋದ. ಕೊಟ್ರಬಸಪ್ಪ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಹೆಂಡತಿ ಚಿನ್ನಮ್ಮ ಹೊಸಿಲಲ್ಲಿ ನಿಂತಿದ್ದಳು. ಹಾಲಸ್ವಾಮಿ ನಿಂತಲ್ಲೇ ಹೇಳಿದ:

“ತಿರುಳು ಹಸಿ ಇತ್ತು. ನನಗೆ ಗೊತ್ತಿತ್ತು.”

“ನಂಗೂ ಗೊತ್ತು” ಎಂದ ಕೊಟ್ರಬಸಪ್ಪ. “ನೀನು ಉಗುರು ಒರೆಸಿಕೊಂಡಿದ್ದನ್ನ ನೋಡಿದ್ದೆ. ಆದರೂ ಇಳಿಸಿದೆ. ಗೊತ್ತಿದ್ದೋನು ಸುಮ್ಮನಿರಲ್ಲ ಅಂತ ನಂಬಿದೆ.”

“ಆ ಮೇಷ್ಟ್ರು…”

“ಮೇಷ್ಟ್ರು ದಡ್ಡ. ದಡ್ಡನ ಮೇಲೆ ಏನು ಸಿಟ್ಟು? ಎತ್ತು ಒದ್ದರೆ ಎತ್ತಿನ ಮೇಲೆ ಯಾರಾದರೂ ಪಂಚಾಯ್ತಿ ಕೂರಿಸ್ತಾರಾ? ನೀನು ಬಲ್ಲೋನು.” ಅವನು ಪಕ್ಕಕ್ಕೆ ತಿರುಗಿ ಉಗಿದ. “ಹೋಗು. ರೈಲು ತಪ್ಪುತ್ತೆ.”

ಮನೆಗೆ ಬಂದ ಹಾಲಸ್ವಾಮಿ ಮತ್ತೆ ಅಡುಗೆಕೋಣೆಯ ಹಳೆಯ ಸಾಮಾನು ಎಳೆದ. ಒಂದು ಅಡಕತ್ತರಿ, ಹಿತ್ತಾಳೆಯ ಜಾಲರಿ ಸೌಟು, ಚರ್ಮದ ಪಟ್ಟಿ. ಉಳಿದ ಎರಡು ಬೆರಳಲ್ಲಿ ಒತ್ತಿದರೆ ಮುಚ್ಚುವ, ಬಿಟ್ಟರೆ ತೆರೆಯುವ ಒಂದು ಕೈ ಮಾಡಿದ. ಮೂರು ಸಲ ಬಿಚ್ಚಿ ಕಟ್ಟಿದ. ಅವನ ಜೀವಮಾನದಲ್ಲೇ ಅಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ. ಒಯ್ದು ಕೊಟ್ಟಾಗ ಕೊಟ್ರಬಸಪ್ಪ ಅದನ್ನು ಮುಟ್ಟಲೂ ಇಲ್ಲ. ಮುಂದಿನ ಸಲ ಹೋದಾಗ ಚಿನ್ನಮ್ಮ ಅದರಿಂದ ಬಿಸಿ ಗಡಿಗೆ ಇಳಿಸುತ್ತಿದ್ದಳು. “ಚೆನ್ನಾಗಿ ಹಿಡಿಯುತ್ತೆ” ಎಂದಳು, ಅವನ ಕಡೆ ನೋಡದೆ.

ಹೀಗೆ ನಾಲ್ಕೈದು ವರ್ಷ ಕಳೆದವು. ಯುದ್ಧ ಬಂತು, ಕಾರ್ಖಾನೆಯಲ್ಲಿ ಪಾಳಿ ಹೆಚ್ಚಿತು. ಬೈಗುಳದ ಗೊಂಬೆಗಳನ್ನು ಹಾಲಸ್ವಾಮಿ ತಾನೇ ಬಿಚ್ಚಿ ಹಾಕಿದ. ಹೊಸದಾಗಿ ಏನನ್ನೂ ಮಾಡಲಿಲ್ಲ. ರಜೆ ಸಿಕ್ಕ ಭಾನುವಾರ ಶಿವಮೊಗ್ಗೆಗೆ ಹೋಗಿ ಕೊಟ್ರಬಸಪ್ಪನ ಜಗುಲಿಯ ಕೆಳಗೆ ನಿಂತು ಬರುತ್ತಿದ್ದ. ಕೂರು ಎಂದು ಅವನು ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಕೊಟ್ರಬಸಪ್ಪ ಎಡಗೈಯಲ್ಲೇ ಮತ್ತೆ ರಾಟೆ ಹೊಯ್ಯಲು ಶುರುಮಾಡಿದ್ದ. ಒಂದು ಸಲ, ಬೇರೆ ಎಲ್ಲೋ ನೋಡುತ್ತಾ, “ಹತ್ತು ಅಂಗುಲದ ರಾಟೆಗೆ ಒಂದು ಮರದ ಮಾದರಿ ಬೇಕು” ಎಂದ.

ಹಾಲಸ್ವಾಮಿ ಹಲಸಿನ ಮರದಲ್ಲಿ ಮಾಡಿ ಒಯ್ದ. ಕೊಟ್ರಬಸಪ್ಪ ಅದನ್ನು ಉಳಿದ ಬೆರಳಿನಿಂದ ಸುತ್ತಲೂ ಸವರಿದ, ಒಂಟಿ ಕಣ್ಣಿನ ಎದುರು ಹಿಡಿದು ತಿರುಗಿಸಿದ. ಮತ್ತೆ ಕೈಗೆ ಕೊಟ್ಟ.

“ಹಗ್ಗ ಕೂರೋ ಜಾಡು ಒಂದು ಕಡೆ ಎದ್ದೈತೆ. ಭದ್ರಾವತಿಯೋರು ಹಿಂಗೇನು ಮಾಡೋದು? ತಗೊಂಡು ಹೋಗು.”

ಹೊಳ್ಳೆ ಅರಳಿಸದೆ ಹಾಲಸ್ವಾಮಿ ಅದನ್ನು ಚೀಲಕ್ಕೆ ಹಾಕಿಕೊಂಡ. ಮನೆಗೆ ಬಂದು ಜಗುಲಿಯಲ್ಲಿ ಕೂತು ಜಾಡಿಗೆ ಉಳಿ ಹಿಡಿದ. ಬಸವರಾಜೇಶ್ವರಿ ಅಕ್ಕಿ ಆರಿಸುತ್ತಾ ಪಕ್ಕದಲ್ಲಿ ಕೂತಿದ್ದಳು.

“ಸರಿಯಾಗೇ ಇತ್ತಲ್ಲ? ನಿಮಗೆ ತಪ್ಪು ಹೇಳೋಕೆ ಅವನಿಗೊಂದು ನೆಪ ಬೇಕಿತ್ತು ಅಷ್ಟೆ.”

“ಇಲ್ಲ ಮಾರಾಯ್ತಿ. ಅರ್ಧ ನೂಲು ಎದ್ದಿದೆ. ನನಗೆ ಕಂಡಿರಲಿಲ್ಲ” ಎಂದು ಹಾಲಸ್ವಾಮಿ ಬಗ್ಗಿ ಕೆತ್ತತೊಡಗಿದ.