ಸಂಜೆಯ ಕಿಟ್‌ಗಳಲ್ಲಿ ಇಲ್ಲದ ಉಪ್ಪು

ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಹೊಸಪೇಟೆಯಲ್ಲಿ ನಮ್ಮ ವಾರ್ಡಿನ ಸಮುದಾಯ ಭವನ. ಹಾಜರಿದ್ದವರು ಪರಿಹಾರ ಸಮಿತಿಯ ಅಧ್ಯಕ್ಷರು, ಔಷಧಿ ಅಂಗಡಿಯವರು, ಇನ್ನಿಬ್ಬರು ಸದಸ್ಯರು, ಕಾರ್ಯದರ್ಶಿಯಾಗಿ ನಾನು. ಕಿಟ್ ಹಂಚುವ ಹೆಂಗಸನ್ನು ಕರೆದಿರಲಿಲ್ಲ. ಸಭೆ ಆಕೆಯ ಬಗ್ಗೆಯೇ ಇತ್ತು.

ಕೊರೊನಾ ಎರಡನೆಯ ಸಲ ಬಂದ ವರ್ಷ ಅದು. ನಗರಸಭೆ ಕೊಟ್ಟದ್ದು, ಸಂಡೂರಿನ ಕಡೆ ಅದಿರು ಲಾರಿ ಓಡಿಸುವ ಮಾಲೀಕರು ಹಾಕಿದ್ದು, ಕಂಪ್ಲಿಯ ಅಕ್ಕಿ ಗಿರಣಿಯವರು ಮೂಟೆಗಳಲ್ಲಿ ಕಳಿಸಿದ್ದು, ಎಲ್ಲ ಸೇರಿ ವಾರ್ಡಿಗೊಂದು ಪರಿಹಾರ ನಿಧಿ ಆಗಿತ್ತು. ಜಡ್ಡು ಬಿದ್ದ ಮನೆಗಳಿಗೂ ಕೆಲಸ ಹೋದ ಮನೆಗಳಿಗೂ ಅದರಿಂದ ವಾರಕ್ಕೊಂದು ಕಿಟ್: ಅಕ್ಕಿ, ಜೋಳದ ಹಿಟ್ಟು, ಒಂದು ಕಿಲೋ ತೊಗರಿ ಬೇಳೆ, ಎಣ್ಣೆ, ಖಾರದ ಪುಡಿ, ಸಾಬೂನು, ಒಂದು ಪ್ಯಾಕೆಟ್ ಉಪ್ಪು. ಮನೆಮನೆಗೆ ಮುಟ್ಟಿಸಲು ದಿನಗೂಲಿಯ ಮೇಲೆ ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದೆವು. ಆಕೆ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ಅಡುಗೆ ಮಾಡುತ್ತಿದ್ದವಳು. ಪ್ರವಾಸಿಗರು ಬರುವುದು ನಿಂತಿತು, ಅಡುಗೆಮನೆಗೆ ಬೀಗ ಬಿತ್ತು. ಗಂಡನ ಆಟೋ ಕೂಡ ಮನೆ ಮುಂದೆ ನಿಂತಿತ್ತು. ನಮ್ಮ ಕೂಲಿ ಬಿಟ್ಟರೆ ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ.

ನಾನು ಮೂವತ್ತು ವರ್ಷ ಅಣೆಕಟ್ಟೆಯ ಕಾಲುವೆಯ ಮೇಲೆ ನೀರಿನ ಮಟ್ಟ ಬರೆದವನು. ತಾಸಿಗೊಮ್ಮೆ ಗೇಜ್ ನೋಡಬೇಕು, ಹೊತ್ತು ಬರೆಯಬೇಕು, ಯಾರಿದ್ದರು ಎಂದು ಬರೆಯಬೇಕು. ಮೇಲಿನ ಗೇಜಿಗೂ ಮೆಟ್ರಿ ಕಡೆಯ ಕೆಳಗಿನ ಗೇಜಿಗೂ ಲೆಕ್ಕಕ್ಕೆ ಮೀರಿ ವ್ಯತ್ಯಾಸ ಬಂದರೆ ನಡುವೆ ಯಾರೋ ನೀರು ಕದಿಯಲು ಪೈಪ್ ಇಳಿಬಿಟ್ಟಿದ್ದಾರೆ ಎಂದೇ ಅರ್ಥ. ನಿವೃತ್ತಿಯಾದ ಮೇಲೂ ಆ ಕಣ್ಣು ಹೋಗಲಿಲ್ಲ. ವಾರ್ಡಿನಲ್ಲಿ ನನಗೆ ಗೇಜ್ ತಾತ ಎಂದೇ ಹೆಸರು.

ಹಾಗಾಗಿ ಕಿಟ್ ಕಟ್ಟುವಾಗ ಪ್ರತಿ ಪ್ಯಾಕೆಟ್ಟಿನ ಮೂಲೆಗೆ ನೀಲಿ ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಅದು ಮೇಲಿನ ಗೇಜ್. ಹಂಚಿದ ಮರುದಿನ ಹೇಳದೆ ಕೇಳದೆ ಒಂದೆರಡು ಮನೆಗೆ ಹೋಗಿ ಕಟ್ಟೆಯ ಮೇಲೆ ಚೀಲ ಬಿಚ್ಚಿಸಿ ನೋಡುತ್ತಿದ್ದೆ. ಅದು ಕೆಳಗಿನದು. ಆ ಶುಕ್ರವಾರ ಮೊದಲ ಸಲ ಹಂಚಿದ ಸಂಜೆಯೇ ಹೋದೆ, ನೋಡಿದ ಚೀಲಗಳಲ್ಲಿ ಉಪ್ಪು ಇರಲಿಲ್ಲ. ಶನಿವಾರ ಸಂಜೆ ಇಡೀ ಓಣಿ ನೋಡಿದೆ. ಹನ್ನೊಂದು ಮನೆ, ಒಂದರಲ್ಲೂ ಉಪ್ಪಿಲ್ಲ. ಉಳಿದದ್ದೆಲ್ಲ ಸರಿಯಾಗಿತ್ತು. ಭಾನುವಾರ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟಾಗ ಕಿಟ್ ಹಂಚುವಾಕೆ ಎದುರಾದಳು. ಸೆರಗಿನ ಕೆಳಗೆ ಭಾರದ ಕೈಚೀಲ. ಏನದು ಎಂದೆ. "ಕೆಲಸ ಐತ್ರಿ ತಾತ" ಎಂದು ನಿಲ್ಲದೆ ಹೋದಳು. ಮನೆಗೆ ಬಂದು ಅದನ್ನೂ ಪುಸ್ತಕದಲ್ಲಿ ಬರೆದೆ.

ಆ ಪುಟವನ್ನೇ ಅಧ್ಯಕ್ಷರು ಸೋಮವಾರ ಸಭೆಯಲ್ಲಿ ಗಟ್ಟಿಯಾಗಿ ಓದಿದರು.

"ನೋಡ್ರಿ, ಇದು ನಾನು ಹೇಳಿದ್ದಲ್ಲ. ಗೇಜ್ ತಾತನ ಪುಸ್ತಕ ಹೇಳಾಕತ್ತೈತಿ. ಉಪ್ಪು ಬಿಡದಾಕಿ ಬ್ಯಾಳಿ ಬಿಡ್ತಾಳೇನ್ರಿ?"

ಬೇಳೆ ಅಧ್ಯಕ್ಷರ ಅಳಿಯನ ಅಂಗಡಿಯಿಂದ ಬರುತ್ತಿತ್ತು. ಬೇಳೆಯ ಮೇಲೆ ಅವರಿಗೆ ಅಷ್ಟೊಂದು ಕಾಳಜಿ ಯಾಕೆ ಎಂದು ನನಗೆ ಆಗಲೇ ಅನಿಸಿತು.

"ನಾಳಿಂದ ಆಕಿ ಬ್ಯಾಡ" ಎಂದರು. "ನಮ್ಮ ಅಳಿಯನ ಟೆಂಪೋ ಸುಮ್ನ ನಿಂತೈತಿ, ಅವನ ಹಂಚ್ತಾನ. ಕೂಲಿ ಉಳಿದ್ರ ವಾರ್ಡಿನ ಬಾಯಿಗೆ ಒಂದು ಮಸ್ತ್ ಕಮಾನು ಕಟ್ಟಿಸೋಣ. ಜಡ್ಡು ಗೆದ್ದ ನೆನಪಿಗೆ, ದಾನಿಗಳ ಹೆಸರು ಕೆತ್ತಿಸಿ."

"ಜಡ್ಡು ಇನ್ನಾ ಗೆದ್ದಿಲ್ಲಲ್ರಿ" ಎಂದರು ಔಷಧಿ ಅಂಗಡಿಯವರು. "ನನ್ನ ಅಂಗಡಿ ಮುಂದಿನ ಸಾಲು ಬಂದು ನೋಡ್ರಿ."

ಕಳ್ಳತನದ ಸುದ್ದಿಯ ಬೆನ್ನಿಗೇ ಕಮಾನಿನ ಮಾತು ಇಷ್ಟು ಸಿದ್ಧವಾಗಿ ಬಂದದ್ದು ನನಗೆ ಸೇರಲಿಲ್ಲ. ಆಕೆಯ ಮಾತು ಕೇಳದೆ ಠರಾವು ಬರೆಯುವುದಿಲ್ಲ, ಸಂಜೆ ಐದರವರೆಗೆ ಹೊತ್ತು ಕೊಡಿ ಎಂದೆ. ಆಕೆಯ ಮೇಲೆ ಕರುಣೆಯಿಂದ ಹೇಳಿದ್ದಲ್ಲ. ವಿಚಾರಣೆ ಆಗದೆ ಪುಟ ಮುಗಿಸುವ ರೂಢಿ ನನಗಿಲ್ಲ.

ಒಂಬತ್ತು ಗಂಟೆಗೆ ಓಣಿಯ ಮೊದಲ ಮನೆಗೆ ಹೋದೆ. ನನಗಿಂತ ಹತ್ತು ವರ್ಷ ದೊಡ್ಡ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಸೊಸೆ ಜ್ವರದಲ್ಲಿ ಮಲಗಿದ್ದಳು. ನಾನು ಬೀದಿಯಲ್ಲೇ ನಿಂತೆ.

"ಯವ್ವಾ, ಶನಿವಾರದ ಕಿಟ್‌ನಾಗ ಉಪ್ಪು ಇತ್ತೇನು?"

"ಇರ್ಲಿಲ್ಲಪ್ಪ. ಚೀಲ ಬಿಚ್ಚಿಸಿ ನೀನ ನೋಡಿದ್ಯಲ್ಲ."

ನಾನು ಪೆನ್ನು ತೆಗೆದೆ.

"ಮರುದಿನ ಮುಂಜಾನೆ ಬಂತು" ಎಂದಳು. "ಒಲಿ ಹಚ್ಚೋದ್ರಾಗ ಕಟ್ಟಿ ಮ್ಯಾಲ ಇಟ್ಟು ಹೋಗಿದ್ಲು."

"ಸಂಜಿಗೇ ಯಾಕ ಕೊಡ್ಲಿಲ್ಲ?"

ಮುದುಕಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ದೀಪ ಹಚ್ಚಿದ ಮ್ಯಾಲ ಉಪ್ಪು ಯಾರು ಕೊಡ್ತಾರಪ್ಪ? ನಿಮ್ಮವ್ವ ಹೇಳಿಲ್ಲೇನು ನಿನಗ?"

ಅವ್ವ ಹೇಳಿದ್ದಳು. ದೀಪ ಹಚ್ಚಿದ ಮೇಲೆ ಉಪ್ಪು ಹೊಸ್ತಿಲು ದಾಟಬಾರದು, ಅದರ ಹಿಂದೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ. ಮಡಿಕೆ ತುಂಬ ಉಪ್ಪಿದ್ದಾಗಲೂ ಪಕ್ಕದ ಮನೆಯಾಕೆಯನ್ನು ನಾಳೆ ಬಾ ಎಂದು ಬರಿಗೈಯಲ್ಲಿ ಕಳಿಸಿದ್ದನ್ನು ನಾನೇ ಕಂಡಿದ್ದೆ. ಕಿಟ್ ಹಂಚುವ ಹೊತ್ತು ಸಂಜೆ ಆರೂವರೆ ಎಂದು ಗೊತ್ತು ಮಾಡಿದವನೂ ನಾನೇ. ಬೆಳಿಗ್ಗೆ ಹತ್ತರವರೆಗೆ ಅಂಗಡಿಗಳು ತೆರೆದಿರುತ್ತವೆ, ಬೀದಿಯಲ್ಲಿ ಜನ ಸೇರುತ್ತಾರೆ, ಸಂಜೆಯೇ ವಾಸಿ ಎಂದು ವೇಳಾಪಟ್ಟಿ ಬರೆದು ಭವನದ ಬಾಗಿಲಿಗೆ ಅಂಟಿಸಿದ್ದೆ. ದೀಪ ಹಚ್ಚುವ ಹೊತ್ತು ಅದು ಎಂಬುದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಆದರೂ ಒಂದು ಮನೆಯ ಮಾತು ಸಾಕ್ಷಿಯಾಗುವುದಿಲ್ಲ. ಹನ್ನೊಂದೂ ಮನೆ ತಿರುಗಿ ಉಪ್ಪಿನ ಪ್ಯಾಕೆಟ್ ತರಿಸಿ ನೋಡಿದೆ. ಎಲ್ಲದರ ಮೂಲೆಯಲ್ಲೂ ನನ್ನ ನೀಲಿ ಗುರುತು ಇತ್ತು. ಒಬ್ಬಾಕೆ ಉಪ್ಪನ್ನು ಡಬ್ಬಿಗೆ ಸುರಿದು ಖಾಲಿ ಪ್ಯಾಕೆಟ್ಟನ್ನು ಕಸಕ್ಕೆ ಹಾಕಿದ್ದಳು. ಕಸದಿಂದ ತೆಗೆಸಿ ನೋಡಿದೆ. "ಏನ್ರಿ ತಾತ, ಉಪ್ಪಿಗೂ ಗೇಜ್ ಹಾಕೀರೇನು?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಮಧ್ಯಾಹ್ನ ಕಿಟ್ ಹಂಚುವಾಕೆಯ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಉಪ್ಪಿನ ವಿಷಯ ಮೊದಲೇ ಹೇಳಬೇಕಿತ್ತಲ್ಲವ್ವ?"

"ಹೇಳಿದ್ನಲ್ರಿ ತಾತ. ಮೊದಲ್ನೇ ದಿನಾನ 'ಉಪ್ಪು ಮುಂಜಾನೆ ಕೊಡ್ತೀನ್ರಿ' ಅಂದೆ. ನೀವು ಗಡಿಯಾರ ನೋಡಿ 'ಮೊದಲು ಸಹಿ ಹಾಕು, ಮಾತು ಆಮ್ಯಾಲೆ' ಅಂದ್ರಿ. ಆ ಆಮ್ಯಾಲೆ ಇನ್ನಾ ಬಂದಿಲ್ಲ."

"ನಿನ್ನೆ ದಾರ್ಯಾಗ ಕೇಳಿದ್ರ ನಿಲ್ಲಲಿಲ್ಲ."

"ಒಲಿ ಹತ್ತೋದ್ರಾಗ ಹನ್ನೊಂದು ಮನಿ ಮುಟ್ಟಬೇಕಿತ್ರಿ. ನಿಮ್ಮ ಮುಂದ ನಿಂತಿದ್ರ ಓಣ್ಯಾಗ ಎಲ್ರೂ ಸಪ್ಪನ ಸಾರು ಉಣ್ಣಬೇಕಾಗ್ತಿತ್ತು."

"ಅದು ಸಮಿತಿ ಉಪ್ಪು. ನಿನ್ನ ಮನೀದಲ್ಲ, ಕೊಟ್ರ ನಿನಗೇನು?"

"ಕೊಡೋ ಕೈ ನಂದಲ್ಲೇನ್ರಿ? ಈ ಮನ್ಯಾಗ ಉಳಿದಿರೋದು ಆ ಲಕ್ಷ್ಮಿ ಒಬ್ಬಾಕೀನ. ಆಕೀನ್ನೂ ಕಳಿಸಿಬಿಡ್ಲೇನು?" ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ದನಿ ಇಳಿಸಿ ಕೇಳಿದಳು: "ನನ್ನ ಕೆಲಸ ಹೋತೇನ್ರಿ ತಾತ?"

ಐದು ಗಂಟೆಗೆ ಬಾ ಎಂದಷ್ಟೇ ಹೇಳಿದೆ. ಸಭೆಗೆ ಮೊದಲು ತೀರ್ಪು ಹೇಳುವುದು ಸರಿಯಲ್ಲ.

ಐದಕ್ಕೆ ಎಲ್ಲರೂ ಹಾಜರಿದ್ದರು. ಈ ಸಲ ಆಕೆಯೂ ಇದ್ದಳು, ಬಾಗಿಲ ಹತ್ತಿರ ನಿಂತಿದ್ದಳು. ನಾನು ಹನ್ನೊಂದು ಮನೆಯ ವರದಿ ಓದಿದೆ. ಉಪ್ಪು ಒಂದು ಪ್ಯಾಕೆಟ್ಟೂ ಕಳುವಾಗಿಲ್ಲ ಎಂದೆ.

"ಹಂಗಾರ ತಪ್ಪು ಯಾರದು?" ಎಂದರು ಅಧ್ಯಕ್ಷರು.

"ನನ್ನದು. ಹೊತ್ತು ಗೊತ್ತು ಮಾಡಿದವ ನಾನು."

"ಬರಕೊಳ್ರಿ, ಬರಕೊಳ್ರಿ" ಎಂದು ಔಷಧಿ ಅಂಗಡಿಯವರು ನಕ್ಕರು. "ಗೇಜ್ ತಾತ ತಪ್ಪು ಒಪ್ಪಿದ ದಿನ ಮತ್ತ ಸಿಗಂಗಿಲ್ಲ."

ಬರೆದುಕೊಂಡೆ. ನಾಳೆಯಿಂದ ಹಂಚುವುದು ಬೆಳಿಗ್ಗೆ ಆರಕ್ಕೆ, ನಿಧಿ ಮುಗಿಯುವವರೆಗೆ ಈಕೆಯೇ ಹಂಚಬೇಕು, ಕೂಲಿ ಮುಂದುವರಿಯಬೇಕು ಎಂದು ಠರಾವಾಯಿತು. ಮೂವರು ಸದಸ್ಯರೂ ಸಹಿ ಹಾಕಿದರು. ಅಧ್ಯಕ್ಷರು ಕೊನೆಗೆ ಹಾಕಿದರು. ಕಮಾನು ಕಟ್ಟುವ ಗುತ್ತಿಗೆ ಯಾರಿಗೆ ಎಂದುಕೊಂಡಿದ್ದಿರಿ ಎಂದು ಕೇಳಿದೆ. ಅವರು ಜೇಬಿನಲ್ಲಿ ಫೋನ್ ಹುಡುಕಿದರು. "ನೋಡೋಣ್ರಿ, ಅದಕ್ಕೇನು ಜಲ್ದಿ?" ಎಂದು ಎದ್ದುಹೋದರು. ಆ ಯೋಚನೆ ಬಿಟ್ಟರು ಎಂದು ನಾನು ನಂಬಲಿಲ್ಲ. ಮುಂದಿನ ಸೋಮವಾರದ ಪುಟದ ಮೇಲೆ ಕಮಾನು ಎಂದು ಪೆನ್ಸಿಲಿನಲ್ಲಿ ಬರೆದಿಟ್ಟೆ.

ಆ ದಿನದ ಹತ್ತು ಕಿಟ್ ಆಗಲೇ ಕಟ್ಟಿಟ್ಟಿದ್ದವು. ಮನೆಗಳವರು ಕಾಯುತ್ತಿದ್ದರು. ಆರೂಕಾಲಿಗೆ ನಾನೇ ಹತ್ತೂ ಚೀಲ ಬಿಚ್ಚಿ ಉಪ್ಪು ತೆಗೆದು ಬೆಳಿಗ್ಗೆ ಕೊಡಲೆಂದು ಒಂದು ಬುಟ್ಟಿಯಲ್ಲಿ ಇಟ್ಟೆ. ಆಕೆ ಸಹಿಗೆಂದು ಪುಸ್ತಕದ ಕಡೆ ಕೈ ಚಾಚಿದಳು.

"ಮೊದಲು ಮಾತು" ಎಂದೆ. "ಹೇಳೋದು ಏನಾದ್ರೂ ಉಳಿದೈತೇನು?"

ಆಕೆ ಬಾಗಿಲ ಹೊರಗೆ ಒಮ್ಮೆ ನೋಡಿ ಹತ್ತಿರ ಬಂದಳು. "ದಿನಾ ಎತ್ತೋ ಕೈಗೆ ಗೊತ್ತಾಗ್ತೈತ್ರಿ ತಾತ. ಬ್ಯಾಳಿ ಪ್ಯಾಕೆಟ್ ಹಗುರ ಅದಾವ."

ಗುರುತು ಹಾಕಿದ್ದೆ, ಎಣಿಸಿದ್ದೆ. ತೂಕ ಮಾತ್ರ ಒಂದು ದಿನವೂ ನೋಡಿರಲಿಲ್ಲ. ಭವನದ ಅಡುಗೆಕೋಣೆಯ ತಕ್ಕಡಿ ತಂದು ಬೇಳೆಯ ಹತ್ತೂ ಪ್ಯಾಕೆಟ್ ಒಂದೊಂದಾಗಿ ಇಟ್ಟು ನೋಡಿದೆ. ಒಂದೂ ಪೂರ್ತಿ ಕಿಲೋ ಇರಲಿಲ್ಲ. ತೂಕಗಳನ್ನು ಒಂದರ ಕೆಳಗೊಂದು ಬರೆದೆ, ಹಾಜರಿದ್ದವರು ಇಬ್ಬರು ಎಂದು ಸೇರಿಸಿದೆ. ಆಕೆ ಸಹಿ ಹಾಕಿದಳು, ನಾನೂ ಹಾಕಿದೆ. ಆಕೆ ಚೀಲಗಳನ್ನು ಹೊತ್ತು ಹೊರಟ ಮೇಲೆ ಉಪ್ಪಿನ ಬುಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.