ನೋವು ನಿಂತ ಹಲ್ಲುಗಳು

೧೯೭೯ರಲ್ಲಿ ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ದಂತವೈದ್ಯನಾಗಿದ್ದೆ. ಭಾನುವಾರಗಳಂದು ಖಾನಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಬಾಡಿಗೆ ಕೋಣೆಯೊಂದರಲ್ಲೂ ರೋಗಿಗಳನ್ನು ನೋಡುತ್ತಿದ್ದೆ. ಹುಳುಕಾದ ಮುಂದಿನ ಹಲ್ಲುಗಳಿಗೆ ಆಗ ನಾವು ತುಂಬುತ್ತಿದ್ದುದು ಸಿಲಿಕೇಟ್ ಸಿಮೆಂಟ್. ಪುಡಿಗೆ ಫಾಸ್ಫಾರಿಕ್ ಆಸಿಡ್ ಬೆರೆಸಿ ಕಲಸಿದರೆ ಥೇಟ್ ಹಲ್ಲಿನದೇ ಬಣ್ಣ. ಆ ಆಸಿಡ್ ಹಲ್ಲಿನೊಳಗಿನ ಜೀವಂತ ತಿರುಳಿಗೆ ತಾಗದಂತೆ ಕೆಳಗೆ ಬೇರೊಂದು ಸಿಮೆಂಟಿನ ಪದರ ಹಾಕಬೇಕು. ಅದಕ್ಕೆ ಬೇಸ್ ಎನ್ನುತ್ತೇವೆ.

ಆ ವರ್ಷ ಒಬ್ಬ ಸೇಲ್ಸ್‌ಮನ್ ಹೊಸ ಸಿಲಿಕೇಟ್ ತಂದ. ಬೇಸ್ ಬೇಕಿಲ್ಲ ಎಂದು ಅದರ ಜೊತೆಗಿದ್ದ ನುಣುಪು ಕಾಗದದಲ್ಲಿ ಅಚ್ಚಾಗಿತ್ತು. ಖಾನಾಪುರದಲ್ಲಿ ಬಾಗಿಲಾಚೆ ಜನರ ಸಾಲು, ನನಗೆ ಸಂಜೆ ಬಸ್ಸಿನ ಅವಸರ. ಬೇಸ್ ಗಟ್ಟಿಯಾಗುವವರೆಗೆ ಕಾಯುವ ಕಾಟ ತಪ್ಪಿತಲ್ಲ ಎಂದು ಖುಷಿಪಟ್ಟೆ. ತುಂಬಿಸಿಕೊಂಡವರು ಸಂತೆಯಲ್ಲಿ ಸಿಕ್ಕರೆ, "ನೋವ ಐತೇನ್ರಿ?" ಎಂದು ಕೇಳುತ್ತಿದ್ದೆ. "ಇಲ್ರೀ, ಆರಾಮ ಐತಿ" ಎನ್ನುತ್ತಿದ್ದರು. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಎಸೆಯಲು ನನಗೆ ಅಷ್ಟು ಪುರಾವೆ ಸಾಕಾಯಿತು.

ಮರುವರ್ಷ ಬೇಸಿಗೆಯ ಒಂದು ಭಾನುವಾರ ಕಣಕುಂಬಿಯಿಂದ ನೀಲಾ ಟೀಚರ್ ಬಂದರು. ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು ಇಪ್ಪತ್ತಾರು. ಎಂಟು ತಿಂಗಳ ಹಿಂದೆ ಅವರ ಮೇಲಿನ ಕೋರೆಹಲ್ಲಿಗೆ ಆ ಸಿಲಿಕೇಟ್ ತುಂಬಿದವನು ನಾನೇ. ಈಗ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮೈ ಸುಡುತ್ತಿತ್ತು.

"ಇಷ್ಟ ದಿನಾ ಯಾಕ ಬರಲಿಲ್ರಿ?" ಎಂದೆ.

ಜೊತೆಗಿದ್ದ ಅವರ ತಂದೆ ಉತ್ತರಿಸಿದರು: "ನೋವ ಇದ್ದಿದ್ದಿಲ್ಲಲ್ರಿ ಡಾಕ್ಟರ್ ಸಾಹೇಬ್ರ. ನಿನ್ನಿ ಮುಂಜಾನಿಂದ ಶುರು ಆಗೇತಿ."

ನೋವು ಇರಲಿಲ್ಲ, ಏಕೆಂದರೆ ಆಸಿಡ್ ತಾಗಿ ತಿರುಳು ಸತ್ತಿತ್ತು. ಸತ್ತ ತಿರುಳು ನೋಯುವುದಿಲ್ಲ. ಬೇರಿನ ತುದಿಯಲ್ಲಿ ಸದ್ದಿಲ್ಲದೆ ಕೀವು ಸೇರುತ್ತದೆ. ಆ ಜಾಗದ ಸೋಂಕು ಕಣ್ಣಿನ ಹಿಂದಿನ ರಕ್ತನಾಳ ಹಿಡಿದು ಮಿದುಳಿಗೂ ಏರಬಹುದು. ಕೋಣೆಗೆ ಬೀಗ ಹಾಕಿ, ಬಾಡಿಗೆ ಕಾರು ಹಿಡಿದು, ಅವರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆ. ಹಲ್ಲು ಕಿತ್ತು ಕೀವು ತೆಗೆದರು, ಪೆನಿಸಿಲಿನ್ ಶುರುವಾಯಿತು. "ಕಣ್ಣ ಉಳೀತೈತಿ ಅಂತ ಈಗs ಹೇಳಾಕ ಬರೂದಿಲ್ಲ" ಎಂದರು ಸರ್ಜನ್.

ಮರುದಿನ ರಜಿಸ್ಟರ್ ತೆಗೆದೆ. ಬೇಸ್ ಇಲ್ಲದೆ ತುಂಬಿಸಿಕೊಂಡವರು ಟೀಚರನ್ನು ಬಿಟ್ಟು ಇನ್ನೂ ಮೂವತ್ತೊಂದು ಮಂದಿ. ನೋವಿಲ್ಲದಿದ್ದರೂ ತಪ್ಪದೆ ಬನ್ನಿ ಎಂದು ಎಲ್ಲರಿಗೂ ಕಾರ್ಡ್ ಬರೆದೆ.

ಮುಂದಿನ ಭಾನುವಾರ ಇಪ್ಪತ್ತೆರಡು ಮಂದಿ ಬಂದರು. ಟೀಚರಿಗೆ ಜ್ವರ ಇಳಿದಿತ್ತು, ಕಣ್ಣು ಮಾತ್ರ ಇನ್ನೂ ತೆರೆದಿರಲಿಲ್ಲ. ನಾನು ಐಸ್ ಕ್ಯಾಂಡಿ ಗಾಡಿಯಿಂದ ಐಸ್ ತಂದು ಒಬ್ಬೊಬ್ಬರ ಹಲ್ಲಿಗೆ ಹಿಡಿಯುತ್ತ ಹೋದೆ. ಜೀವ ಇರುವ ಹಲ್ಲು ಜುಮ್ಮೆನ್ನಬೇಕು. ಮೊದಲು ಕುಳಿತ ಕಿರಾಣಿ ಅಂಗಡಿಯವರು ನಕ್ಕರು.

"ತಂಪ ಏನೂ ಹತ್ತವಲ್ದರಿ. ಭಾಳ ಚೊಲೊ ತುಂಬೀರಿ."

ಎರಡನೆಯವರೂ ಅದನ್ನೇ ಹೇಳಿದರು. ಸಂಜೆಯೊಳಗೆ ಹದಿಮೂರು ಮಂದಿ ನನ್ನನ್ನು ಹೊಗಳಿದ್ದರು. ಆ ಹದಿಮೂರು ಹಲ್ಲೂ ಒಳಗೆ ಸತ್ತಿದ್ದವು. ಇದ್ದದ್ದನ್ನು ಇದ್ದಂತೆ ಅವರಿಗೆ ಹೇಳಿ, ರೂಟ್ ಕೆನಾಲ್ ಚಿಕಿತ್ಸೆಗೆ ದಿನ ಗೊತ್ತುಮಾಡಿದೆ. ಹೊಗಳಿಸಿಕೊಳ್ಳಲು ಅಷ್ಟು ನಾಚಿಕೆಯಾದದ್ದು ಅದೊಂದೇ ದಿನ.

ಹತ್ತನೆಯ ದಿನ ಟೀಚರ್ ಕಣ್ಣು ಬಿಟ್ಟರು. ದೃಷ್ಟಿ ಉಳಿದಿತ್ತು. ಮಂಚದ ಪಕ್ಕ ಕುಳಿತು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ.

"ನಮಗ ಹಾಕೂಕಿಂತ ಮೊದಲ ಅದನ್ನ ಯಾರಿಗೆ ಹಾಕಿ ನೋಡಿದ್ರಂತ್ರಿ?"

"ಗೊತ್ತಿಲ್ರಿ. ನಾ ಕೇಳಲಿಲ್ಲ."

"ಕೇಳಬೇಕಿತ್ತಲ್ರಿ" ಎಂದು ಮಗ್ಗುಲು ತಿರುಗಿದರು.

ಅಂದಿನಿಂದ ಹೊಸ ಡಬ್ಬಿ ಹಿಡಿದು ಬಂದ ಪ್ರತಿಯೊಬ್ಬ ಸೇಲ್ಸ್‌ಮನ್‌ಗೂ ಟೀಚರ ಪ್ರಶ್ನೆಯನ್ನೇ ಕೇಳಿದ್ದೇನೆ: ಯಾರಿಗೆ ಹಾಕಿ ನೋಡಿದಿರಿ, ಎಷ್ಟು ವರ್ಷ ಕಾದಿರಿ, ತಿರುಳು ಬದುಕಿದೆಯೇ ಎಂದು ಪರೀಕ್ಷಿಸಿದಿರಾ? ತಡವರಿಸಿದವರು ಡಬ್ಬಿಯೊಂದಿಗೇ ಹಿಂದಿರುಗಿದ್ದಾರೆ. ರೋಗಿ ದೂರು ಹೇಳದಿರುವುದು ಪುರಾವೆಯಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ.

ಆ ಭಾನುವಾರ ಬಾರದ ಒಂಬತ್ತು ಮಂದಿಗೆ ಮತ್ತೆ ಎರಡು ಸಲ ಕಾರ್ಡ್ ಬರೆದೆ. ಯಾರೂ ಬರಲಿಲ್ಲ. ಅವರಿಗೆ ನೋವಿರಲಿಲ್ಲವೆಂದು ತೋರುತ್ತದೆ.