ಬೇರೆ ಒಲೆಯ ಮದ್ದು

ಕಾಡಂಚಿನ ಆ ಕೇರಿಯಲ್ಲಿ ಅವನಿಗೆ ಮದ್ದಿನ ಮಾವ ಎಂದೇ ಹೆಸರು. ಊರಿಗೆಲ್ಲ ಬೇರು, ತೊಗಟೆ ತೇಯ್ದು ಕೊಟ್ಟವನು, ಕಟ್ಟಿಕೊಂಡವಳಿಗೆ ಮಾತ್ರ ಒಮ್ಮೆಯೂ ಕೊಟ್ಟಿರಲಿಲ್ಲ. ಅದು ಅವನ ತಪ್ಪಲ್ಲ. ಅವರ ಬುಡಕಟ್ಟಿನ ಕಟ್ಟಳೆಯೇ ಹಾಗೆ: ಮದ್ದು ಕೊಡುವವರ ಜೊತೆ ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರಿಗೆ ಅವರ ಮದ್ದು ನಾಟುವುದಿಲ್ಲ. ತನಗೆ ತಾನೇ ಕೊಟ್ಟುಕೊಂಡರಂತೂ ಕೇಳಲೇಬೇಡಿ.

ಈಗ ಹೆಂಡತಿಗೆ ಜ್ವರ. ಆಸ್ಪತ್ರೆಯ ಗುಳಿಗೆಗೆ ಇಳಿದದ್ದು ಗುಳಿಗೆ ಮುಗಿಯುತ್ತಲೇ ನೆಂಟರ ಹಾಗೆ ಮರಳಿ ಬಂದು ಕೂತಿತ್ತು. ಮದ್ದು ಬಲ್ಲವರು ಹಳ್ಳದಾಚೆ ಇನ್ನೊಬ್ಬರಿದ್ದರು, ಅವನ ಒಡಹುಟ್ಟಿದ ಅಕ್ಕ. ಇಬ್ಬರೂ ಅಪ್ಪನ ಬಳಿಯೇ ಕಲಿತವರು. ಜ್ವರದ ತೊಗಟೆಯನ್ನು ಮರದ ಮೂಡಣ ಮಗ್ಗುಲಿನಿಂದ ಕೆತ್ತಬೇಕೆಂದು ಅವನು, ಪಡುವಣದಿಂದ ಎಂದು ಅವಳು. ಅಪ್ಪ ಸತ್ತ ವರ್ಷ ಹತ್ತಿದ ಈ ಜಗಳದಲ್ಲಿ ಇಬ್ಬರ ತಲೆಯೂ ನೆರೆತಿತ್ತು.

"ಅತ್ತಿಗೆ ಹತ್ರ ಹೋಗಿ ಬನ್ನಿ," ಎಂದಳು ಹೆಂಡತಿ.

"ಅದಕ್ಕಿಂತ ಒಲೆ ಬೇರೆ ಮಾಡೋದು ಸುಲಭ."

ಬೆಳಗಿನಿಂದ ಬೆಳಗಿನವರೆಗೆ ಬೇರೆ ಒಲೆಯಲ್ಲಿ ಉಂಡರೆ ಕಟ್ಟಳೆ ಬಿಟ್ಟುಹೋಗುತ್ತದೆ. ಹಿತ್ತಿಲಲ್ಲಿ ಅವನು ಮೂರು ಕಲ್ಲು ಹೂಡಿದ.

"ಇಷ್ಟು ವರ್ಷ ಬಾಳಿ, ಜ್ವರ ಬಂದಾಗ ಬೇರೆ ಹಾಕ್ತೀರಾ?"

"ಮದ್ದು ಕೊಡೋಕೆ ಕಣೇ."

ಬೇರೆಯಾದವಳಿಗೆ ಏಳುವ ಶಕ್ತಿ ಇರಲಿಲ್ಲ. ಹಾಗಾಗಿ ಅವಳ ಒಲೆಗೂ ಅವನೇ ಬೆಂಕಿ ಹೊತ್ತಿಸಿ ಗಂಜಿ ಕಾಯಿಸಿದ. ಮರುದಿನ ಬೆಳಿಗ್ಗೆ ತೊಗಟೆ ತೇಯ್ದಿಟ್ಟು, ಕೊನೆಯ ಗಂಜಿ ಇಳಿಸಿ, ಉಪ್ಪು ನೋಡಲೆಂದು ಒಂದು ಸೌಟು ಬಾಯಿಗೆ ಹಾಕಿಕೊಂಡ. ಉಪ್ಪು ಸರಿಯಾಗಿಯೇ ಇತ್ತು.

"ನುಂಗಿಬಿಟ್ರಾ?" ಹೆಂಡತಿ ಮಲಗಿದಲ್ಲಿಂದಲೇ ಕೇಳಿದಳು.

"ನುಂಗಿಬಿಟ್ಟೆ."

ಅವಳು ಗೋಡೆಯ ಕಡೆ ತಿರುಗಿದಳು. ಜ್ವರದ ಚಳಿಗೆ ಬೆನ್ನು ನಡುಗುತ್ತಿತ್ತು. ಕಟ್ಟಳೆ ಬಿಡಲು ಇನ್ನೊಂದು ಬೆಳಗಿನವರೆಗೆ ಕಾಯುವ ಮೈ ಅದಲ್ಲವೆಂದು ಅವನಿಗೆ ಹೊಳೆಯಿತು, ಜೀವಮಾನದಲ್ಲಿ ಹೆದರದಷ್ಟು ಹೆದರಿದ. ಪಕ್ಕದ ಮನೆಯವಳನ್ನು ಅವಳ ಬಳಿ ಕೂರಿಸಿ ಹಳ್ಳ ದಾಟಿದ.

ಅಕ್ಕ ಬಾಗಿಲಲ್ಲೇ ಕೂತಿದ್ದಳು.

"ಯಾರಿಗೆ?" ಬೇರೆಯವರನ್ನು ಕೇಳುವ ಹಾಗೆಯೇ ಕೇಳಿದಳು.

"ನನ್ನವಳಿಗೆ. ಜ್ವರ."

"ಒಳಗೆ ತೊಗಟೆ ಒಣಗಿಸಿಟ್ಟಿದ್ದೀನಿ, ತಗೋ."

"ನಾನೇ ತಗೊಂಡ್ರೆ ನಾಟಲ್ಲ, ಕೊಡೋರ ಕೈಯಿಂದಲೇ ಬರಬೇಕಲ್ಲ."

ಬಾಗಿಲ ಚೌಕಟ್ಟು ಹಿಡಿದು ಅವಳು ಎದ್ದಳು. ಮೊಣಕಾಲ ಕೆಳಗೆ ಹಳೆ ಬಟ್ಟೆ ಸುತ್ತಿದ್ದಳು. ಅವನು ಬಟ್ಟೆ ಸರಿಸಿ ನೋಡಿದರೆ ಹುಣ್ಣು, ಅದರ ಸುತ್ತ ಬಾವು.

"ಎಂದಿನಿಂದ?"

"ಬೇಸಿಗೆಯಿಂದ. ನನಗೆ ನಾನೇ ಕಟ್ಕೊಂಡ್ರೆ ನಾಟತ್ತಾ?"

"ನನ್ನ ಹತ್ರ ಬರಬಾರದಿತ್ತಾ?"

"ನಿನ್ನ ಕಾಲು ಚೆನ್ನಾಗೇ ಇತ್ತಲ್ಲ. ನೀನು ಬಂದ್ಯಾ?"

ಅವಳು ತೊಗಟೆ ಕಟ್ಟಿಕೊಟ್ಟಳು, ಯಾವ ಮಗ್ಗುಲಿನದೆಂದು ಅವನು ಕೇಳಲಿಲ್ಲ. ಬೇಲಿಯಿಂದ ಸೊಪ್ಪು ತರಿದು, ಅರೆದು, ಹುಣ್ಣು ತೊಳೆದು ಕಟ್ಟಿದ. ಅವಳು ಹಲ್ಲು ಕಚ್ಚಿ ಕೂತಿದ್ದಳು.

ಅಕ್ಕ ಕೊಟ್ಟ ತೊಗಟೆಗೆ ಸಂಜೆ ಹೊತ್ತಿಗೆ ಜ್ವರ ಇಳಿಯಿತು. ಹೆಂಡತಿ ಎದ್ದು ಕೂತು ಮೊದಲು ಕೇಳಿದ್ದು, "ಅತ್ತಿಗೆ ಏನಂದ್ರು?"

"ಕಾಲು ನೋವು ಅಂದ್ಳು," ಎಂದವನು ಅಲ್ಲಿಯೇ ಅತ್ತುಬಿಟ್ಟ.